ಛಾಯಾಚಿತ್ರದಲ್ಲಿ ದೂರವೆಲ್ಲಿ ಹೋಯಿತು?

ಹಂಪೆಗೆ ಹೋದವರಲ್ಲಿ ಅನೇಕರು ವಿರೂಪಾಕ್ಷ ದೇವಾಲಯದ ಒಂದು ಸೋಜಿಗವನ್ನು ಕಂಡು ಬಂದಿರುತ್ತಾರೆ. ಗರ್ಭಗೃಹದ ಹಿಂಬದಿಯಲ್ಲಿರುವ ಕತ್ತಲೆಯ ಕೋಣೆಯೊಂದರ ಗೋಡೆಯ ಮೇಲೆ ದೇವಾಲಯದ ಪೂರ್ವದ ಮಹಾಗೋಪುರವು ತಲೆಕೆಳಗಾಗಿ ಮೂಡಿರುತ್ತದೆ. ಸುಮಾರು 50 ಮೀಟರ್ ಎತ್ತರದ ಆ ಗೋಪುರವು ಗೋಡೆಯ ಒಂದು ಭಾಗದಲ್ಲಿ ಅಡಗುವಷ್ಟು ಕಿರಿದಾಗಿ, ಶಿಖರ ಕೆಳಗಾಗಿ, ಬುಡ ಮೇಲಾಗಿ ಕಾಣುತ್ತದೆ. ಇದನ್ನು ‘ಗೋಪುರದ ನೆರಳು’ ಎನ್ನುವುದು ವಾಡಿಕೆ. ಭೌತವಿಜ್ಞಾನದ ವಿದ್ಯಾರ್ಥಿಯಾದವನು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನೆರಳೆಂದರೆ ಬೆಳಕು ತಲಪದ ಸ್ಥಳ. ಎದುರಿನ ಗೋಡೆಯ ಮೇಲೆ ಬಿದ್ದ ನಮ್ಮ ನೆರಳು ನೆಟ್ಟಗೇ ನಿಲ್ಲುತ್ತದೆ, ತಲೆಕೆಳಗಾಗುವುದಿಲ್ಲ. ಆದುದರಿಂದ ಹಂಪೆಯ ಗೋಡೆಯ ಮೇಲಿರುವುದು ನೆರಳಲ್ಲ. ಅದು ಗೋಪುರದಿಂದ ಹೊರಟ ಬೆಳಕೇ ಒಂದು ಕಿರುಗಿಂಡಿಯ ಮೂಲಕ ಒಳಹೊಕ್ಕು ಬರೆದ ಬಿಂಬ.

‘ಕ್ಯಾಮೆರಾ’ ಎಂಬ ಲ್ಯಾಟಿನ್ ಮಾತಿನ ಅರ್ಥ ಕೋಣೆ ಎಂದೇ. ಹಂಪೆಯ ಆ ಕೋಣೆಗೂ ಇಂದು ವಿದ್ಯಾರ್ಥಿಗಳ ಜೇಬಿನಲ್ಲಿರುವ ಮೊಬೈಲಿನ ಕ್ಯಾಮೆರಾಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಎರಡೂ ಉದ್ದ, ಅಗಲ, ಆಳಗಳೆಂಬ ಮೂರು ಆಯಾಮಗಳುಳ್ಳ ಜಗತ್ತನ್ನು ಉದ್ದ, ಅಗಲಗಳೆರಡೇ ಇರುವ ಒಂದು ಚಪ್ಪಟೆ ತೆರೆಯ ಮೇಲೆ ಇಳಿಸುತ್ತವೆ. ಹೀಗೆ ಇಳಿಸುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲ. ಛಾಯಾಚಿತ್ರವನ್ನು ಸಾಕ್ಷಿಯೆಂದು ನಂಬಿ ಜನರ ಮೇಲೆ ತೀರ್ಪು ಕೊಡುವ ಕಾಲದಲ್ಲಿ ನಾವಿದ್ದೇವೆ. ಆ ಸಾಕ್ಷಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ತಿಳಿಯದೆ ತೀರ್ಪು ಕೊಡುವುದು ಅನ್ಯಾಯ.

ಕಿಂಡಿ ಮಾಡುವ ಕೆಲಸ

ಬಿಸಿಲಿನಲ್ಲಿ ನಿಂತ ಒಂದು ತೆಂಗಿನ ಮರವನ್ನು ತೆಗೆದುಕೊಳ್ಳೋಣ. ಅದರ ಪ್ರತಿಯೊಂದು ಗರಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದರಿಸುತ್ತಿದೆ. ಮರದ ಎದುರಿಗೆ ಒಂದು ಬಿಳಿಯ ಕಾಗದವನ್ನು ಹಿಡಿದರೆ ಅದರ ಮೇಲೆ ಮರದ ಚಿತ್ರವೇಕೆ ಮೂಡುವುದಿಲ್ಲ? ಬೆಳಕು ಸಾಲದೆಂಬುದು ಕಾರಣವಲ್ಲ. ಬೆಳಕು ಎಲ್ಲ ಕಡೆಯಿಂದಲೂ ಬರುತ್ತಿದೆ ಎಂಬುದೇ ಕಾರಣ. ಕಾಗದದ ಒಂದೊಂದು ಬಿಂದುವಿಗೂ ಮರದ ಸುಳಿಯಿಂದ, ಕಾಂಡದಿಂದ, ಬುಡದಿಂದ, ಪಕ್ಕದ ಆಕಾಶದಿಂದ ಕಿರಣಗಳು ಬಂದು ಬೀಳುತ್ತವೆ. ಎಲ್ಲವೂ ಬೆರೆತು ಕಾಗದ ಬರಿಯ ಬಿಳುಪಾಗಿಯೇ ಕಾಣುತ್ತದೆ.

ಈಗ ಕಾಗದಕ್ಕೂ ಮರಕ್ಕೂ ನಡುವೆ ಸಣ್ಣ ರಂಧ್ರವಿರುವ ಒಂದು ರಟ್ಟನ್ನು ನಿಲ್ಲಿಸಿ, ಪಕ್ಕದ ಬೆಳಕು ನುಗ್ಗದಂತೆ ಸುತ್ತ ಮುಚ್ಚೋಣ. ಬೆಳಕು ನೇರವಾಗಿ ಚಲಿಸುವುದರಿಂದ ಕಾಗದದ ಒಂದು ಬಿಂದುವಿಗೆ ಇನ್ನು ಒಂದೇ ದಿಕ್ಕಿನಿಂದ, ಎಂದರೆ ಆ ಬಿಂದುವನ್ನೂ ರಂಧ್ರವನ್ನೂ ಸೇರಿಸುವ ಸರಳರೇಖೆಯ ದಿಕ್ಕಿನಿಂದ, ಮಾತ್ರ ಬೆಳಕು ಬರಲು ಸಾಧ್ಯ. ಮರದ ಸುಳಿಯಿಂದ ಇಳಿದು ಬಂದ ಕಿರಣ ರಂಧ್ರವನ್ನು ದಾಟಿ ಕೆಳಗೆ ಬೀಳುತ್ತದೆ. ಬುಡದಿಂದ ಏರಿ ಬಂದದ್ದು ಮೇಲೆ ಬೀಳುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬಿಂಬ ತಲೆಕೆಳಗಾಗಿ ಮೂಡುವ ರಹಸ್ಯ ಇಷ್ಟೇ. ಕಿಂಡಿಯು ಬೆಳಕಿಗೆ ಹೊಸದಾಗಿ ಏನನ್ನೂ ಕೂಡಿಸುವುದಿಲ್ಲ. ಬೇಡವಾದ ಕಿರಣಗಳನ್ನು ತಡೆಯುತ್ತದೆ, ಅಷ್ಟೆ.

ಇಷ್ಟೊಂದು ಕಿರಣಗಳು ಒಂದೇ ಸಣ್ಣ ರಂಧ್ರದಲ್ಲಿ ನುಸುಳುವಾಗ ಒಂದರೊಡನೊಂದು ಕಲಸಿಹೋಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಇದು ಬಹಳ ಹಳೆಯ ಪ್ರಶ್ನೆ. ಇದಕ್ಕೆ ಪ್ರಯೋಗದಿಂದ ಉತ್ತರ ಹೇಳಿದವನು 11ನೆಯ ಶತಮಾನದಲ್ಲಿ ಕೈರೋ ನಗರದಲ್ಲಿದ್ದ ವಿದ್ವಾಂಸ ಇಬ್ನ್ ಅಲ್ ಹೈತಮ್. ಕತ್ತಲೆಯ ಕೋಣೆಯೊಂದರ ಕಿಂಡಿಯ ಹೊರಗೆ ಹಲವು ದೀಪಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಇಟ್ಟರೆ ಒಳಗಿನ ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ಬೆಳಕಿನ ಮಚ್ಚೆಗಳು ಬೀಳುತ್ತವೆ. ಯಾವುದಾದರೊಂದು ದೀಪವನ್ನು ಮರೆಮಾಡಿದರೆ ಅದರ ಮಚ್ಚೆಯೊಂದೇ ಮಾಯವಾಗುತ್ತದೆ; ಉಳಿದವು ಇದ್ದಂತೆಯೇ ಇರುತ್ತವೆ. ಕಿರಣಗಳು ಒಂದನ್ನೊಂದು ಹಾದುಹೋಗುತ್ತವೆಯೇ ಹೊರತು ಬೆರೆಯುವುದಿಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಎಂಟು ಸೆಂಟಿಮೀಟರಿನ ಮರ

ಬಿಂಬ ಎಷ್ಟು ದೊಡ್ಡದಾಗಿರುತ್ತದೆ? ರಂಧ್ರದ ಹೊರಗೆ ಮರ ಮತ್ತು ರಂಧ್ರ ಸೇರಿ ಒಂದು ದೊಡ್ಡ ತ್ರಿಭುಜವಾಗುತ್ತದೆ. ಒಳಗೆ ಬಿಂಬ ಮತ್ತು ರಂಧ್ರ ಸೇರಿ ಒಂದು ಸಣ್ಣ ತ್ರಿಭುಜವಾಗುತ್ತದೆ. ಇವೆರಡೂ ಸಮರೂಪ ತ್ರಿಭುಜಗಳು. ಪ್ರೌಢಶಾಲೆಯ ರೇಖಾಗಣಿತ ಇಲ್ಲಿ ಸಾಕು:

ಬಿಂಬದ ಎತ್ತರ = ವಸ್ತುವಿನ ಎತ್ತರ × (ರಂಧ್ರದಿಂದ ತೆರೆಯ ದೂರ ÷ ರಂಧ್ರದಿಂದ ವಸ್ತುವಿನ ದೂರ)

ನಮ್ಮ ಪೆಟ್ಟಿಗೆಯಲ್ಲಿ ರಂಧ್ರಕ್ಕೂ ತೆರೆಗೂ 20 ಸೆಂಟಿಮೀಟರ್ ಅಂತರವಿರಲಿ. 12 ಮೀಟರ್ ಎತ್ತರದ ತೆಂಗಿನ ಮರ 30 ಮೀಟರ್ ದೂರದಲ್ಲಿ ನಿಂತಿದ್ದರೆ ಅದರ ಬಿಂಬದ ಎತ್ತರ 8 ಸೆಂಟಿಮೀಟರ್ ಆಗುತ್ತದೆ. ಅದೇ ಮರ 60 ಮೀಟರ್ ದೂರದಲ್ಲಿದ್ದರೆ 4 ಸೆಂಟಿಮೀಟರ್. ದೂರ ಇಮ್ಮಡಿಯಾದರೆ ಬಿಂಬ ಅರ್ಧವಾಗುತ್ತದೆ. ಇಷ್ಟು ಎಲ್ಲರಿಗೂ ಒಪ್ಪಿಗೆಯಾಗುವ ಮಾತು.

ಈಗ ಲೆಕ್ಕವನ್ನು ತಿರುಗಿಸಿ ನೋಡೋಣ. ತೆರೆಯ ಮೇಲೆ 8 ಸೆಂಟಿಮೀಟರಿನ ಮರವೊಂದು ಕಾಣುತ್ತಿದೆ. ಹೊರಗಿರುವ ಮರದ ಎತ್ತರವೆಷ್ಟು? 12 ಮೀಟರ್ ಎತ್ತರದ ಮರ 30 ಮೀಟರ್ ದೂರದಲ್ಲಿರಬಹುದು. 24 ಮೀಟರ್ ಎತ್ತರದ ಮರ 60 ಮೀಟರ್ ದೂರದಲ್ಲಿರಬಹುದು. ಮಕ್ಕಳು ರಟ್ಟಿನಲ್ಲಿ ಕತ್ತರಿಸಿದ 12 ಸೆಂಟಿಮೀಟರಿನ ಮರ ಕೇವಲ 30 ಸೆಂಟಿಮೀಟರ್ ದೂರದಲ್ಲಿಯೂ ಇರಬಹುದು. ಮೂರಕ್ಕೂ ಬಿಂಬದ ಎತ್ತರ 8 ಸೆಂಟಿಮೀಟರೇ. ಬಿಂಬವನ್ನು ಎಷ್ಟು ಎಚ್ಚರಿಕೆಯಿಂದ ಅಳೆದರೂ ಇವುಗಳಲ್ಲಿ ಯಾವುದು ನಿಜವೆಂದು ಆ ಒಂದು ಅಳತೆಯಿಂದ ಹೇಳಲಾಗದು. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಸಮೀಕರಣ ಒಂದು, ಅಜ್ಞಾತಗಳು ಎರಡು.

ಇದೇ ಈ ಲೇಖನದ ಮುಖ್ಯ ಮಾತು. ರಂಧ್ರದ ಮೂಲಕ ಹಾಯುವ ಒಂದು ಸರಳರೇಖೆಯ ಮೇಲೆ ಹತ್ತಿರದಲ್ಲಿ, ದೂರದಲ್ಲಿ, ಅತಿ ದೂರದಲ್ಲಿ ಎಷ್ಟೋ ಬಿಂದುಗಳಿವೆ. ಅವೆಲ್ಲಕ್ಕೂ ತೆರೆಯ ಮೇಲೆ ಒಂದೇ ಸ್ಥಾನ. ಕ್ಯಾಮೆರಾ ದಿಕ್ಕನ್ನು ಅಳೆಯುತ್ತದೆ, ದೂರವನ್ನು ಅಳೆಯುವುದಿಲ್ಲ. ಬಿಂಬ ತಲೆಕೆಳಗಾಗುವುದು ದೊಡ್ಡ ನಷ್ಟವಲ್ಲ. ಚಿತ್ರವನ್ನು ತಿರುಗಿಸಿ ಹಿಡಿದರಾಯಿತು. ದೂರ ಕಳೆದುಹೋಗುವುದೇ ನಿಜವಾದ ನಷ್ಟ.

ಪ್ರಕೃತಿಯೇ ಇದಕ್ಕೊಂದು ಭವ್ಯವಾದ ಉದಾಹರಣೆಯನ್ನು ಕೊಟ್ಟಿದೆ. ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ಸೂರ್ಯನ ದೂರವೂ ಚಂದ್ರನ ದೂರದ ಹೆಚ್ಚುಕಡಿಮೆ 400 ಪಟ್ಟು. ಹೀಗಿರುವುದರಿಂದ ಆಕಾಶದಲ್ಲಿ ಎರಡೂ ಒಂದೇ ಗಾತ್ರದ ಬಿಲ್ಲೆಗಳಾಗಿ ತೋರುತ್ತವೆ. ಪೂರ್ಣ ಗ್ರಹಣದಲ್ಲಿ ಚಿಕ್ಕ ಚಂದ್ರ ದೊಡ್ಡ ಸೂರ್ಯನನ್ನು ಮುಚ್ಚಿಬಿಡುತ್ತಾನೆ. ಬರಿಯ ಕಣ್ಣಿನ ನೋಟದಿಂದ ಇವರಲ್ಲಿ ದೊಡ್ಡವರಾರು ಎಂದು ತಿಳಿಯುವ ಬಗೆಯೇ ಇಲ್ಲ.

ಉಳಿದದ್ದು ಮತ್ತು ಅಳಿದದ್ದು

ಹಾಗಾದರೆ ಚಿತ್ರದಲ್ಲಿ ನಂಬತಕ್ಕದ್ದು ಏನೂ ಇಲ್ಲವೆ? ಇದೆ. ಆದರ್ಶ ಕ್ಯಾಮೆರಾದಲ್ಲಿ ಸರಳರೇಖೆ ಸರಳರೇಖೆಯಾಗಿಯೇ ಉಳಿಯುತ್ತದೆ. ಒಂದು ಸರಳರೇಖೆಯನ್ನೂ ರಂಧ್ರವನ್ನೂ ಒಳಗೊಂಡ ಸಮತಲವೊಂದನ್ನು ಊಹಿಸಿಕೊಳ್ಳಿ. ಆ ರೇಖೆಯ ಎಲ್ಲ ಕಿರಣಗಳೂ ಈ ಸಮತಲದಲ್ಲಿಯೇ ಇರುತ್ತವೆ. ಒಂದು ಸಮತಲ ಇನ್ನೊಂದು ಸಮತಲವಾದ ತೆರೆಯನ್ನು ಕತ್ತರಿಸುವುದು ಸರಳರೇಖೆಯಲ್ಲಿ. ಆದುದರಿಂದ ಕಂಬ ಕಂಬವಾಗಿಯೇ, ತೊಲೆ ತೊಲೆಯಾಗಿಯೇ ಕಾಣುತ್ತದೆ. ಯಾವುದು ಯಾವುದರ ಮುಂದೆ ನಿಂತು ಮರೆಮಾಡಿದೆ ಎಂಬುದೂ ಚಿತ್ರದಲ್ಲಿ ಉಳಿಯುತ್ತದೆ.

ಅಳಿಯುವವು ಉದ್ದದ ಅಳತೆ, ಕೋನದ ಅಳತೆ, ಸಮಾಂತರತೆ. ರೈಲುಹಳಿಯ ನಡುವೆ ನಿಂತಂತೆ ಭಾವಿಸೋಣ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಗಳ ನಡುವಣ ಅಂತರ 1.676 ಮೀಟರ್. ಮಸೂರದಿಂದ ತೆರೆಗೆ 50 ಮಿಲಿಮೀಟರ್ ದೂರವಿರುವ ಕ್ಯಾಮೆರಾದಲ್ಲಿ ಈ ಅಂತರವು 10 ಮೀಟರ್ ಮುಂದೆ 8.4 ಮಿಲಿಮೀಟರ್ ಆಗಿಯೂ, 100 ಮೀಟರ್ ಮುಂದೆ 0.84 ಆಗಿಯೂ, ಒಂದು ಕಿಲೋಮೀಟರ್ ಮುಂದೆ 0.084 ಆಗಿಯೂ ಮೂಡುತ್ತದೆ. ದಿಟವಾಗಿ ಎಂದಿಗೂ ಕೂಡದ ಹಳಿಗಳು ಚಿತ್ರದಲ್ಲಿ ಒಂದು ಬಿಂದುವಿನಲ್ಲಿ ಕೂಡುವಂತೆ ತೋರುತ್ತವೆ. ಅದನ್ನು ಲಯಬಿಂದು ಎಂದು ಕರೆಯೋಣ. ಒಂದೇ ದಿಕ್ಕಿಗೆ ಸಾಗುವ ಎಲ್ಲ ಸಮಾಂತರ ರೇಖೆಗಳಿಗೂ ಒಂದೇ ಲಯಬಿಂದು; ಪಕ್ಕದ ತಂತಿಕಂಬಗಳ ತುದಿಗಳನ್ನು ಸೇರಿಸುವ ರೇಖೆಯೂ ಅಲ್ಲಿಗೇ ಸಾಗುತ್ತದೆ.

ಈ ರೇಖಾಗಣಿತವನ್ನು ಛಾಯಾಗ್ರಾಹಕರಿಗಿಂತ ನಾಲ್ಕು ಶತಮಾನಗಳ ಮೊದಲೇ ಇಟಲಿಯ ಚಿತ್ರಕಾರರು ಕಂಡುಕೊಂಡಿದ್ದರು. ಫ್ಲಾರೆನ್ಸ್ ನಗರದ ವಾಸ್ತುಶಿಲ್ಪಿ ಬ್ರುನೆಲೆಸ್ಕಿ 15ನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ದೀಕ್ಷಾಮಂದಿರವನ್ನು ಹಲಗೆಯ ಮೇಲೆ ಬರೆದು, ಹಲಗೆಯಲ್ಲಿ ಒಂದು ತೂತು ಮಾಡಿ, ಅದರ ಹಿಂದಿನಿಂದ ಕನ್ನಡಿಯಲ್ಲಿ ಚಿತ್ರವನ್ನು ನೋಡುವಂತೆ ಏರ್ಪಡಿಸಿದನು. ಸರಿಯಾದ ಸ್ಥಳದಲ್ಲಿ ನಿಂತು ಒಂದೇ ಕಣ್ಣಿನಿಂದ ನೋಡಿದವನಿಗೆ ಚಿತ್ರವೂ ಕಟ್ಟಡವೂ ಒಂದೇ ಆಗಿ ತೋರುವುದು ಅದರ ಉದ್ದೇಶ. 1435ರಲ್ಲಿ ಆಲ್ಬೆರ್ಟಿ ಈ ವಿಧಾನದ ನಿಯಮಗಳನ್ನು ಗ್ರಂಥರೂಪದಲ್ಲಿ ವಿವರಿಸಿದನು. ‘ಒಂದೇ ಕಣ್ಣಿನಿಂದ, ಒಂದೇ ಸ್ಥಳದಿಂದ’ ಎಂಬ ಷರತ್ತನ್ನು ವಾಚಕರು ಮನಸ್ಸಿನಲ್ಲಿಡಬೇಕು. ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಮಸೂರವೇಕೆ ಬೇಕು?

ಬರಿಯ ರಂಧ್ರದಿಂದಲೇ ಬಿಂಬ ಮೂಡುವುದಾದರೆ ಬೆಲೆಬಾಳುವ ಮಸೂರಗಳೇಕೆ? ರಂಧ್ರಕ್ಕೆ ಎರಡು ದೋಷಗಳಿವೆ. ರಂಧ್ರ ದೊಡ್ಡದಾದರೆ ವಸ್ತುವಿನ ಒಂದು ಬಿಂದು ತೆರೆಯ ಮೇಲೆ ರಂಧ್ರದಷ್ಟೇ ಅಗಲದ ಮಚ್ಚೆಯಾಗಿ ಬೀಳುತ್ತದೆ, ಚಿತ್ರ ಮಸುಕಾಗುತ್ತದೆ. ಹಾಗೆಂದು ರಂಧ್ರವನ್ನು ಕಿರಿದುಗೊಳಿಸುತ್ತಾ ಹೋದರೆ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಹರಡತೊಡಗುತ್ತವೆ. ವಿವರ್ತನೆಯೆಂಬ ಈ ಕ್ರಿಯೆಯಿಂದ ಚಿತ್ರ ಮತ್ತೆ ಮಸುಕಾಗುತ್ತದೆ. ನಮ್ಮ 20 ಸೆಂಟಿಮೀಟರಿನ ಪೆಟ್ಟಿಗೆಗೆ ಎರಡು ದೋಷಗಳೂ ಮಿತವಾಗಿರುವ ರಂಧ್ರದ ವ್ಯಾಸ ಸುಮಾರು 0.6 ಮಿಲಿಮೀಟರ್. ಇಷ್ಟು ಸಣ್ಣ ರಂಧ್ರದಲ್ಲಿ ನುಸುಳುವ ಬೆಳಕು ಅತ್ಯಲ್ಪ.

ಪೀನ ಮಸೂರವು ಈ ಕಷ್ಟವನ್ನು ಬಿಡಿಸುತ್ತದೆ. ಅದು ಒಂದು ಬಿಂದುವಿನಿಂದ ಬಂದ ಅಗಲವಾದ ಕಿರಣಸಮೂಹವನ್ನು ವಕ್ರೀಭವನದಿಂದ ಮತ್ತೆ ಒಂದೇ ಬಿಂದುವಿನಲ್ಲಿ ಕೂಡಿಸುತ್ತದೆ. 50 ಮಿಲಿಮೀಟರ್ ಸಂಗಮದೂರವೂ 25 ಮಿಲಿಮೀಟರ್ ವ್ಯಾಸವೂ ಉಳ್ಳ ಮಸೂರವು, ಅದೇ ದೂರಕ್ಕೆ ತಕ್ಕ ಸುಮಾರು 0.3 ಮಿಲಿಮೀಟರಿನ ರಂಧ್ರಕ್ಕಿಂತ ಆರು ಸಾವಿರ ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಸಂಗ್ರಹಿಸುತ್ತದೆ. ಮಸೂರಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕಾದಲ್ಲಿ ರಂಧ್ರಕ್ಕೆ ಒಂದು ನಿಮಿಷ ಬೇಕಾಗುವುದು. ಓಡುವ ಕುದುರೆಯ ಚಿತ್ರವನ್ನು ತೆಗೆಯಲು ಸಾಧ್ಯವಾದದ್ದು ಇದರಿಂದ.

ಆದರೆ ಈ ಲಾಭಕ್ಕೊಂದು ಬೆಲೆಯುಂಟು. ಮಸೂರವು ಬೇರೆಬೇರೆ ದೂರದ ವಸ್ತುಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಕೂಡಿಸುತ್ತದೆ. ಮೇಲೆ ಹೇಳಿದ ಮಸೂರ ದೂರದ ಬೆಟ್ಟವನ್ನು ತನ್ನ ಹಿಂದೆ 50 ಮಿಲಿಮೀಟರಿನಲ್ಲಿಯೂ, 10 ಮೀಟರ್ ದೂರದ ಮರವನ್ನು 50.25 ಮಿಲಿಮೀಟರಿನಲ್ಲಿಯೂ, 2 ಮೀಟರ್ ದೂರದ ಮನುಷ್ಯನನ್ನು 51.28 ಮಿಲಿಮೀಟರಿನಲ್ಲಿಯೂ ಬಿಂಬಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಸೂರದ ಹಿಂದೆ ಮೂಡುವ ಬಿಂಬವು ಚಪ್ಪಟೆಯಲ್ಲ. ಅತಿಯಾಗಿ ಅದುಮಲ್ಪಟ್ಟಿದ್ದರೂ ಅದಕ್ಕೆ ಆಳವಿದೆ. ಜಗತ್ತಿನ ಆಳವನ್ನು ಅಳಿಸುವುದು ಮಸೂರವಲ್ಲ, ನಾವು ಅದರ ಹಿಂದೆ ಇಡುವ ಚಪ್ಪಟೆ ತೆರೆ. ತೆರೆಯನ್ನು ಬೆಟ್ಟಕ್ಕೆ ಹೊಂದಿಸಿ ಇಟ್ಟರೆ ಹತ್ತಿರದ ಮನುಷ್ಯನ ಒಂದೊಂದು ಬಿಂದುವೂ ಸುಮಾರು 0.6 ಮಿಲಿಮೀಟರ್ ಅಗಲದ ಮಚ್ಚೆಯಾಗುತ್ತದೆ. ಆ ಮಸುಕಿನಲ್ಲಿ ದೂರದ ಸುಳಿವು ಸ್ವಲ್ಪ ಉಳಿದಿದೆ. ಮಸೂರದ ಬಾಯನ್ನು ಕಿರಿದುಗೊಳಿಸಿದಷ್ಟೂ ಎಲ್ಲವೂ ಸ್ಪಷ್ಟವಾಗುತ್ತದೆ, ಜೊತೆಗೆ ಆ ಸುಳಿವೂ ಮಾಯವಾಗುತ್ತದೆ.

ಮೂಗು, ಸಾಲು, ಕ್ಯಾಚು

ಇಷ್ಟು ತಿಳಿದ ಮೇಲೆ ನಿತ್ಯಜೀವನದ ಮೂರು ಚಿತ್ರಗಳನ್ನು ಪರೀಕ್ಷಿಸೋಣ.

ಮೊದಲನೆಯದು ನಮ್ಮ ವಿದ್ಯಾರ್ಥಿಗಳು ತಾವೇ ತೆಗೆದುಕೊಳ್ಳುವ ಸೆಲ್ಫಿ. ತಮ್ಮ ಮೂಗು ಅಂದಗೆಟ್ಟಿದೆಯೆಂದು ಕೊರಗುವವರನ್ನು ನಾವು ಕಂಡಿದ್ದೇವೆ. ಮೊಬೈಲನ್ನು ಮೂಗಿನ ತುದಿಯಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಮೂಗಿಗಿಂತ ಸುಮಾರು 12 ಸೆಂಟಿಮೀಟರ್ ಹಿಂದಿರುವ ಕಿವಿಗಳು 42 ಸೆಂಟಿಮೀಟರ್ ದೂರದಲ್ಲಿರುತ್ತವೆ. ಬಿಂಬದ ಗಾತ್ರ ದೂರಕ್ಕೆ ವಿಲೋಮವಾಗಿರುವುದರಿಂದ, ಕಿವಿಗೆ ಹೋಲಿಸಿದರೆ ಮೂಗು 42 ÷ 30, ಎಂದರೆ 1.4 ಪಟ್ಟು ಹಿಗ್ಗಿ ಮೂಡುತ್ತದೆ. ಗೆಳೆಯನೊಬ್ಬನು ಒಂದೂವರೆ ಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಈ ಹಿಗ್ಗು 162 ÷ 150, ಎಂದರೆ 1.08 ಪಟ್ಟು ಮಾತ್ರ. ಮುಖ ಅದೇ, ಮೂಗೂ ಅದೇ, ಬದಲಾದದ್ದು ದೂರ. ತಪ್ಪು ಮೂಗಿನದಲ್ಲ, ಸಮರೂಪ ತ್ರಿಭುಜಗಳದು!

ಎರಡನೆಯದು ಜನರ ಸಾಲು. ಒಬ್ಬರಿಗೊಬ್ಬರು 2 ಮೀಟರ್ ಅಂತರ ಬಿಟ್ಟು ಜನ ನಿಂತಿದ್ದಾರೆ. ಸಾಲಿನ ಮುಂದೆ 4 ಮೀಟರ್ ದೂರದಲ್ಲಿ ನಿಂತು 50 ಮಿಲಿಮೀಟರ್ ಮಸೂರದಿಂದ ಚಿತ್ರ ತೆಗೆದರೆ, ಎರಡನೆಯವನ ದೂರ 6 ಮೀಟರ್ ಆದ್ದರಿಂದ ಅವನು ಮೊದಲನೆಯವನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಕಾಣುತ್ತಾನೆ. ನಡುವೆ ಜಾಗವಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಈಗ 40 ಮೀಟರ್ ದೂರಕ್ಕೆ ಹಿಂದೆ ಸರಿದು, 500 ಮಿಲಿಮೀಟರಿನ ದೂರಗ್ರಾಹಕ ಮಸೂರವನ್ನು ಹಾಕೋಣ. ಮೊದಲನೆಯವನ ಬಿಂಬ ಹಿಂದಿನಷ್ಟೇ ದೊಡ್ಡದು. ಆದರೆ ಎರಡನೆಯವನು ಅವನಿಗಿಂತ ನೂರಕ್ಕೆ 5ರಷ್ಟು ಮಾತ್ರ ಚಿಕ್ಕವನು. ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತಂತೆ ತೋರುತ್ತದೆ. 2020ರಲ್ಲಿ ಸಾಂಕ್ರಾಮಿಕದ ಭಯವಿದ್ದಾಗ ಇದು ಬರಿಯ ತರ್ಕವಾಗಿರಲಿಲ್ಲ. ನಿಯಮ ಪಾಲಿಸಿ ದೂರ ನಿಂತವರನ್ನು ‘ಗುಂಪುಗೂಡಿದರು’ ಎಂದು ದೂರಲು ಇಂತಹ ಒಂದು ಚಿತ್ರ ಸಾಕಾಗುತ್ತಿತ್ತು. ಡೆನ್ಮಾರ್ಕಿನ ಇಬ್ಬರು ಛಾಯಾಗ್ರಾಹಕರು ಆ ವರ್ಷ ಒಂದೇ ದೃಶ್ಯವನ್ನು ಎರಡು ಬಗೆಯ ಮಸೂರಗಳಿಂದ, ಬೇರೆಬೇರೆ ಕಡೆಯಿಂದ ತೆಗೆದು, ಜನರ ಅಂತರ ಹೇಗೆ ಬೇರೆಬೇರೆಯಾಗಿ ತೋರುತ್ತದೆಂಬುದನ್ನು ಪ್ರಕಟಿಸಿದರು. ಇಲ್ಲಿ ಯಾರೂ ಚಿತ್ರವನ್ನು ತಿದ್ದಿಲ್ಲ, ಸುಳ್ಳು ಹೇಳಿಲ್ಲ. ಮಸೂರವೂ ಅಪರಾಧಿಯಲ್ಲ, ಏಕೆಂದರೆ ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಗಾತ್ರದ ಪ್ರಮಾಣವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಸ್ಥಳವೇ. ಮಸೂರ ಮಾಡುವುದು ಒಟ್ಟು ಚಿತ್ರವನ್ನು ಹಿಗ್ಗಿಸುವ ಕೆಲಸ ಮಾತ್ರ.

ಮೂರನೆಯದು ಕ್ರಿಕೆಟ್ಟಿನ ಕ್ಯಾಚು. ಕ್ಷೇತ್ರರಕ್ಷಕನು ನೆಲಕ್ಕೆ ಬಾಗಿ ಚೆಂಡನ್ನು ಹಿಡಿದಿದ್ದಾನೆ. ಚೆಂಡು ನೆಲ ಮುಟ್ಟಿತೆ, ಇಲ್ಲವೆ? ಟೆಲಿವಿಷನ್ ತೆರೆಯ ಮೇಲೆ ಅದನ್ನೇ ಹತ್ತು ಸಲ ತೋರಿಸುತ್ತಾರೆ. ಸಂದೇಹ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ. ಕ್ಯಾಮೆರಾ 80 ಮೀಟರ್ ದೂರದಲ್ಲಿ, ನೆಲದಿಂದ 5 ಮೀಟರ್ ಎತ್ತರದಲ್ಲಿದೆಯೆನ್ನೋಣ. ಅದರ ನೋಟದ ರೇಖೆ 16 ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ. ನೆಲದಿಂದ 3 ಸೆಂಟಿಮೀಟರ್ ಮೇಲಿರುವ ಬಿಂದುವೂ, ಅದರ ಹಿಂದೆ 48 ಸೆಂಟಿಮೀಟರ್ ದೂರದಲ್ಲಿರುವ ಹುಲ್ಲೂ ಒಂದೇ ರೇಖೆಯಲ್ಲಿ ಬಿದ್ದು ಚಿತ್ರದಲ್ಲಿ ಒಂದಾಗುತ್ತವೆ. ಚೆಂಡಿನ ಕೆಳಗೆ ತೂರಿದ ಬೆರಳುಗಳನ್ನು ಮುಂದಿನ ಹುಲ್ಲು ಮರೆಮಾಡಬಹುದು. ಇಂತಹ ಒಂದೇ ಚಿತ್ರದಿಂದ ಆಟಗಾರನ ಪ್ರಾಮಾಣಿಕತೆಯನ್ನು ಸಂದೇಹಿಸುವವರು ರೇಖಾಗಣಿತವನ್ನು ಮರೆತವರು.

ಕಳೆದ ದೂರವನ್ನು ಮರಳಿ ಪಡೆಯುವುದು

ಒಂದು ಸಮೀಕರಣದಿಂದ ಎರಡು ಅಜ್ಞಾತಗಳನ್ನು ಬಿಡಿಸಲಾಗದೆಂದೆವು. ಪರಿಹಾರವೂ ಅದೇ ಮಾತಿನಲ್ಲಿ ಅಡಗಿದೆ: ಇನ್ನೊಂದು ಸಮೀಕರಣವನ್ನು ಸಂಪಾದಿಸಬೇಕು. ಇನ್ನೊಂದು ಸ್ಥಳದಿಂದ ಇನ್ನೊಂದು ಚಿತ್ರ ತೆಗೆಯುವುದು ಅದಕ್ಕೆ ನೇರವಾದ ಉಪಾಯ. ಮೊದಲ ಚಿತ್ರವು ವಸ್ತುವು ಒಂದು ರೇಖೆಯ ಮೇಲೆ ಎಲ್ಲಿಯೋ ಇದೆಯೆಂದು ಹೇಳುತ್ತದೆ. ಎರಡನೆಯದು ಇನ್ನೊಂದು ರೇಖೆಯ ಮೇಲೆ ಇದೆಯೆಂದು ಹೇಳುತ್ತದೆ. ಎರಡು ರೇಖೆಗಳೂ ಸಂಧಿಸುವ ಬಿಂದುವೇ ವಸ್ತುವಿನ ಸ್ಥಾನ.

ಪ್ರಕೃತಿ ನಮಗೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರದಲ್ಲಿ ಎರಡು ಕಣ್ಣುಗಳನ್ನು ಕೊಟ್ಟಿದೆ. ಎರಡರಲ್ಲಿಯೂ ಮೂಡುವ ಬಿಂಬಗಳು ಕೊಂಚ ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಗ್ರಹಿಸುತ್ತದೆ. ಇದನ್ನು ಸ್ಪಷ್ಟವಾಗಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. ಎರಡು ಚಪ್ಪಟೆ ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ಕಾಣಿಸಿ ಆಳದ ಅನುಭವವನ್ನು ಹುಟ್ಟಿಸುವ ಸ್ಟೀರಿಯೋಸ್ಕೋಪನ್ನು ಅವನು 1838ರಲ್ಲಿ ವರ್ಣಿಸಿದನು. ಬ್ರುನೆಲೆಸ್ಕಿಯ ಷರತ್ತಿನ ಅರ್ಥ ಈಗ ತಿಳಿಯುತ್ತದೆ. ಒಂದೇ ಕಣ್ಣಿಗೆ, ಒಂದೇ ಸ್ಥಳದಿಂದ ಮಾತ್ರ ಚಿತ್ರವೂ ಕಟ್ಟಡವೂ ಒಂದಾಗಬಲ್ಲವು. ಎರಡನೆಯ ಕಣ್ಣು ತೆರೆದೊಡನೆ ಗುಟ್ಟು ರಟ್ಟಾಗುತ್ತದೆ.

ಪಕ್ಕಪಕ್ಕದಲ್ಲಿ, ಒಂದೇ ಕಡೆಗೆ ಮುಖಮಾಡಿದ ಎರಡು ಕ್ಯಾಮೆರಾಗಳಿಗೆ ಸೂತ್ರ ಸರಳ:

ವಸ್ತುವಿನ ದೂರ = ಸಂಗಮದೂರ × ಕ್ಯಾಮೆರಾಗಳ ಅಂತರ ÷ ಬಿಂಬದ ಪಲ್ಲಟ

50 ಮಿಲಿಮೀಟರ್ ಸಂಗಮದೂರದ ಎರಡು ಕ್ಯಾಮೆರಾಗಳು 10 ಸೆಂಟಿಮೀಟರ್ ಅಂತರದಲ್ಲಿದ್ದರೆ, 2 ಮೀಟರ್ ದೂರದ ವಸ್ತುವಿನ ಬಿಂಬ ಒಂದರಿಂದ ಇನ್ನೊಂದಕ್ಕೆ 2.5 ಮಿಲಿಮೀಟರ್ ಪಲ್ಲಟವಾಗುತ್ತದೆ. 20 ಮೀಟರಿಗೆ 0.25, 200 ಮೀಟರಿಗೆ 0.025. ದೂರ ಹೆಚ್ಚಿದಂತೆ ಪಲ್ಲಟ ಕುಗ್ಗಿ, ಅಳೆಯುವುದು ಕಷ್ಟವಾಗುತ್ತದೆ. ದೂರದ್ದನ್ನು ಅಳೆಯಬೇಕಾದರೆ ಕ್ಯಾಮೆರಾಗಳನ್ನು ದೂರ ದೂರ ನಿಲ್ಲಿಸಬೇಕು.

ಭಾರತದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹವು ಇದೇ ತತ್ತ್ವವನ್ನು ಬಳಸಿತು. 618 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ ಅದರಲ್ಲಿ ಎರಡು ಕ್ಯಾಮೆರಾಗಳು. ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿದ್ದವು. ಮುಂದಿನದು ನೋಡಿದ ನೆಲವನ್ನೇ ಹಿಂದಿನದು ಒಂದು ನಿಮಿಷದೊಳಗೆ ಮತ್ತೆ ನೋಡುತ್ತಿತ್ತು. ಅಷ್ಟರಲ್ಲಿ ಉಪಗ್ರಹವು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಮುಂದೆ ಸಾಗಿರುತ್ತಿದ್ದುದರಿಂದ, ಭೂಮಿಗೆ ಆ ಅಂತರದ ಎರಡು ಕಣ್ಣುಗಳಿಂದ ನೋಡಿದಂತಾಯಿತು. ಬೆಟ್ಟಕಣಿವೆಗಳ ಎತ್ತರ ತಗ್ಗುಗಳ ನಕ್ಷೆ ಹೀಗೆ ಸಿದ್ಧವಾಯಿತು. 2008ರ ಚಂದ್ರಯಾನ-1ರ ಕ್ಯಾಮೆರಾ ಚಂದ್ರನ ನೆಲವನ್ನು ಮುಂದೆ, ನೇರ ಕೆಳಗೆ, ಹಿಂದೆ ಎಂದು ಮೂರು ಕೋನಗಳಿಂದ ನೋಡುವಂತೆ ರಚಿತವಾಗಿತ್ತು.

ಕ್ರಿಕೆಟ್ಟಿನಲ್ಲಿ ಚೆಂಡಿನ ಪಥವನ್ನು ಲೆಕ್ಕಹಾಕುವ ವ್ಯವಸ್ಥೆಯೂ ಒಂದೇ ಕ್ಯಾಮೆರಾವನ್ನು ನಂಬುವುದಿಲ್ಲ; ಕ್ರೀಡಾಂಗಣದ ಸುತ್ತ ಹಲವನ್ನು ನಿಲ್ಲಿಸುತ್ತದೆ. ವೈದ್ಯರ ಎಕ್ಸ್‌ರೇ ಚಿತ್ರವೂ ಒಂದು ಬಿಂದುವಿನಿಂದ ಹೊರಟ ಕಿರಣಗಳು ಮೂರು ಆಯಾಮಗಳ ದೇಹವನ್ನು ಚಪ್ಪಟೆ ತೆರೆಯ ಮೇಲೆ ಇಳಿಸಿದ ನೆರಳು. ಮಗುವೊಂದು ನಾಣ್ಯ ನುಂಗಿದಾಗ ಅದು ಎದೆಯಲ್ಲಿ ಮುಂದಿದೆಯೋ ಹಿಂದಿದೆಯೋ ಎಂಬುದು ಎದುರಿನಿಂದ ತೆಗೆದ ಒಂದು ಚಿತ್ರದಿಂದ ತಿಳಿಯದು. ಆದುದರಿಂದಲೇ ಪಕ್ಕದಿಂದ ಇನ್ನೊಂದನ್ನು ತೆಗೆಯುತ್ತಾರೆ. ಅನೇಕ ಕೋನಗಳಿಂದ ಅಳೆದು ದೇಹದ ಒಳಗಿನ ಪದರಗಳನ್ನೇ ಲೆಕ್ಕದಿಂದ ಕಟ್ಟುವ ಸಿ.ಟಿ. ಯಂತ್ರಕ್ಕಾಗಿ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ 1979ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಒಂದೇ ಚಿತ್ರದಿಂದ ದೂರವನ್ನು ಹೇಳುವ ಗಣಕಯಂತ್ರಗಳು ಈಗ ಇವೆಯಲ್ಲವೆ ಎಂದು ಕೆಲವರು ಕೇಳಬಹುದು. ಇವೆ. ಲಕ್ಷಾಂತರ ಚಿತ್ರಗಳನ್ನು ನೋಡಿ ಕಲಿತ ಅವು ಮನುಷ್ಯ ಸಾಮಾನ್ಯವಾಗಿ ಎಷ್ಟು ಎತ್ತರ, ಬಾಗಿಲು ಎಷ್ಟು ಎತ್ತರ ಎಂಬ ಹಳೆಯ ಅನುಭವದಿಂದ ದೂರವನ್ನು ಅಂದಾಜು ಮಾಡುತ್ತವೆ. ಒಂದು ಕಣ್ಣು ಮುಚ್ಚಿದಾಗ ನಾವು ಮಾಡುವುದೂ ಅದನ್ನೇ. ಅದು ಬಹುಮಟ್ಟಿಗೆ ಸರಿಯಾದೀತು. ಆದರೆ ಅದು ಊಹೆ, ಅಳತೆಯಲ್ಲ. ರಟ್ಟಿನ ಮರವನ್ನು ಎದುರಿಗೆ ನಿಲ್ಲಿಸಿದರೆ ಊಹೆ ಮೋಸಹೋಗಬಹುದು.

ಮಾಡಿ ನೋಡಿ

1. ಪಾದರಕ್ಷೆಯ ಪೆಟ್ಟಿಗೆಯ ಒಂದು ಬದಿಗೆ ಸಣ್ಣ ಸೂಜಿಯಿಂದ ರಂಧ್ರ ಮಾಡಿ. ಎದುರು ಬದಿಯನ್ನು ಕತ್ತರಿಸಿ ತೆಗೆದು ಎಣ್ಣೆ ಸವರಿದ ತೆಳುಕಾಗದವನ್ನು ಅಂಟಿಸಿ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಬಿಸಿಲಿನಲ್ಲಿರುವ ಮರದ ಬಿಂಬವನ್ನು ಕಾಗದದ ಮೇಲೆ ನೋಡಿ. ಅದರಲ್ಲಿ ಬಣ್ಣವೂ ಇರುತ್ತದೆ. ರಂಧ್ರವನ್ನು ದೊಡ್ಡದು ಮಾಡಿ ಬಿಂಬ ಹೇಗೆ ಬದಲಾಗುವುದೆಂದು ಗಮನಿಸಿ.

2. ರಟ್ಟಿನಲ್ಲಿ 1 ಮಿಲಿಮೀಟರ್ ರಂಧ್ರ ಮಾಡಿ, ಸೂರ್ಯನಿಗೆ ಬೆನ್ನುಮಾಡಿ ನಿಂತು, 2 ಮೀಟರ್ ದೂರದ ಕಾಗದದ ಮೇಲೆ ಸೂರ್ಯಬಿಂಬವನ್ನು ಬೀಳಿಸಿ. ಅದರ ವ್ಯಾಸ ಸುಮಾರು 1.9 ಸೆಂಟಿಮೀಟರ್ ಬರಬೇಕು. ರಂಧ್ರದ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು, ಕಣ್ಣು ಕೆಡುತ್ತದೆ. ಇದರಿಂದ ಸೂರ್ಯನ ದೂರ ಅದರ ವ್ಯಾಸದ ನೂರಕ್ಕೂ ಹೆಚ್ಚು ಪಟ್ಟೆಂದು ತಿಳಿಯುವುದು. ದೂರವೆಷ್ಟು, ವ್ಯಾಸವೆಷ್ಟು ಎಂದು ಬೇರೆಬೇರೆಯಾಗಿ ತಿಳಿಯದು. ಏಕೆಂದು ಈಗ ನೀವೇ ಹೇಳಬಲ್ಲಿರಿ.

3. ತೋಳನ್ನು ನೀಡಿ ಹೆಬ್ಬೆರಳನ್ನು ಎತ್ತಿ ಹಿಡಿದು, ಕಣ್ಣುಗಳನ್ನು ಒಂದಾದ ಮೇಲೊಂದರಂತೆ ಮುಚ್ಚಿ ನೋಡಿ. ಬೆರಳು ದೂರದ ಬಸ್ಸಿನ ಮುಂದೆ ಪಕ್ಕಕ್ಕೆ ನೆಗೆದಂತೆ ತೋರುವುದು. ಕಣ್ಣುಗಳ ಅಂತರಕ್ಕಿಂತ ತೋಳಿನ ಉದ್ದ ಸುಮಾರು ಹತ್ತು ಪಟ್ಟು. ಆದುದರಿಂದ ಬಸ್ಸಿನ ಮೇಲೆ ಬೆರಳು ನೆಗೆದ ಅಗಲದ ಹತ್ತು ಪಟ್ಟೇ ಬಸ್ಸಿನ ದೂರ. ಬಸ್ಸಿನ ಉದ್ದ ಗೊತ್ತಿದ್ದರೆ ಈ ಅಗಲವನ್ನು ಅಂದಾಜು ಮಾಡಬಹುದು.

ಛಾಯಾಚಿತ್ರ ಸುಳ್ಳು ಹೇಳುವುದಿಲ್ಲವೆಂಬ ಮಾತನ್ನು ನಾವು ಕೇಳಿದ್ದೇವೆ. ತಿದ್ದದೆ ಬಿಟ್ಟ ಚಿತ್ರದ ವಿಷಯದಲ್ಲಿ ಅದು ನಿಜವೂ ಹೌದು. ಯಾವ ಬೆಳಕು ಯಾವ ದಿಕ್ಕಿನಿಂದ ಬಂತೆಂಬುದನ್ನು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಎಷ್ಟು ದೂರದಿಂದ ಬಂತೆಂಬುದನ್ನು ಹೇಳುವುದೇ ಇಲ್ಲ. ಆ ತೆರಪನ್ನು ತುಂಬುವವರು ನೋಡುವ ನಾವು. ಮುಂದಿನ ಸಲ ಚಿತ್ರವೊಂದನ್ನು ತೋರಿಸಿ ಯಾರಾದರೂ ನಿಮ್ಮ ತೀರ್ಪನ್ನು ಕೇಳಿದರೆ, ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಮೊದಲು ಕೇಳಿ. ಇನ್ನೊಂದು ಕಡೆಯಿಂದ ತೆಗೆದ ಚಿತ್ರವಿದೆಯೆ ಎಂದು ಆಮೇಲೆ ಕೇಳಿ.